ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಒಳ್ಳೆಯದೋ, ಚಿಕ್ಕದೋ?

ಮೈಕಟ್ಟು ಒಂದೇ, ಬಾನೆಟ್ಟಿನ ಕೆಳಗಿನ ಎಂಜಿನ್ ಮಾತ್ರ ಎರಡು ಮೂರು ಬಗೆಯದು. 1950ರಿಂದ 1970ರ ದಶಕದವರೆಗಿನ ಸ್ಪೋರ್ಟ್ಸ್ ಕಾರುಗಳನ್ನು ಕೊಳ್ಳಲು ಹೊರಟವರಿಗೆ ಈ ಗೊಂದಲ ತಪ್ಪಿದ್ದಲ್ಲ. ಜಾಗ್ವಾರ್ ಇ-ಟೈಪ್ 3.8, 4.2 ಮತ್ತು 5.3 ಲೀಟರಿನ ಎಂಜಿನ್ನುಗಳಲ್ಲಿ ಬಂದಿತು. ಆಲ್ಫಾ ರೋಮಿಯೊದ ಜೂಲಿಯಾ ಕೂಪೆ 1290 ಸಿಸಿಯಿಂದ 1962 ಸಿಸಿಯವರೆಗೆ ಬೆಳೆಯಿತು. ಮರ್ಸಿಡಿಸ್‌ನ ಎಸ್‌ಎಲ್ 230, 250, 280 ಎಂದು ಹೆಸರಿನಲ್ಲೇ ಎಂಜಿನ್ನಿನ ಗಾತ್ರವನ್ನು ಹೊತ್ತು ತಿರುಗಿತು. ದೊಡ್ಡದು ಸಿಗುತ್ತಿರುವಾಗ ಚಿಕ್ಕದನ್ನು ಯಾರಾದರೂ ಏಕೆ ಕೊಳ್ಳಬೇಕು ಎಂಬ ಪ್ರಶ್ನೆ ಸಹಜವೇ. ಆದರೆ ಸಿಸಿ ಎಷ್ಟು ಎಂಬ ಒಂದೇ ಅಂಕಿಯಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ದೊಡ್ಡ ಎಂಜಿನ್ ಕೂರಿಸುವಾಗ ಕಾರ್ಖಾನೆಯವರು ಕಾರಿನಲ್ಲಿ ಬೇರೆ ಏನೇನನ್ನು ಬದಲಿಸಬೇಕಾಯಿತು, ಏನನ್ನು ಬದಲಿಸದೆ ಹಾಗೆಯೇ ಬಿಟ್ಟರು ಎಂಬುದನ್ನು ನೋಡಿದರೆ ಮಾತ್ರ ಆ ಎಂಜಿನ್ ಆ ಕಾರಿಗೆ ಒಪ್ಪುತ್ತದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಮೊದಲು ಗಾತ್ರ ಎಂದರೆ ಏನು ಎಂಬುದನ್ನು ನೋಡೋಣ. ಪಿಸ್ಟನ್ ಒಂದು ಸಲ ಮೇಲಿನಿಂದ ಕೆಳಕ್ಕೆ ಬರುವಾಗ ಸಿಲಿಂಡರಿನಲ್ಲಿ ತೆರವಾಗುವ ಜಾಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಬರುವುದೇ ಎಂಜಿನ್ನಿನ ಸಿಸಿ. ಈ ಜಾಗ ಹೆಚ್ಚಿದಷ್ಟೂ ಒಂದು ಸಲಕ್ಕೆ ಹೆಚ್ಚು ಗಾಳಿ ಮತ್ತು ಪೆಟ್ರೋಲು ಒಳಗೆ ಹೋಗುತ್ತದೆ, ಪಿಸ್ಟನ್ನಿನ ಓಡಾಟವನ್ನು ಸುತ್ತಾಗಿ ಬದಲಿಸುವ ದಂಡವಾದ ಕ್ರಾಂಕ್‌ಶಾಫ್ಟನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತದೆ. ಅಶ್ವಶಕ್ತಿ ಬೇರೆ ಸಂಗತಿ: ಅದು ಟಾರ್ಕನ್ನು ಎಂಜಿನ್ ಸುತ್ತುವ ವೇಗದಿಂದ ಗುಣಿಸಿದಾಗ ಬರುವ ಲೆಕ್ಕ. ಆದ್ದರಿಂದ ಚಿಕ್ಕ ಎಂಜಿನ್ನನ್ನು ಜೋರಾಗಿ ಸುತ್ತಿಸಿ ದೊಡ್ಡ ಎಂಜಿನ್ನಿನಷ್ಟೇ ಅಶ್ವಶಕ್ತಿಯನ್ನು ಪಡೆಯಬಹುದು. ಆದರೆ ಕಡಿಮೆ ಸುತ್ತಿನಲ್ಲಿ ದೊಡ್ಡದು ಕೊಡುವ ಎಳೆತವನ್ನು ಅದರಿಂದ ಪಡೆಯಲಾಗದು. 1964ರ ಹೋಂಡಾ ಎಸ್600 ಕೇವಲ 606 ಸಿಸಿಯಿಂದ 57 ಅಶ್ವಶಕ್ತಿ ತೆಗೆಯುತ್ತಿತ್ತು, ಆದರೆ ಅದಕ್ಕಾಗಿ ಎಂಜಿನ್ ನಿಮಿಷಕ್ಕೆ 8500 ಸುತ್ತು ಸುತ್ತಬೇಕಿತ್ತು. ಅದೇ ಶಕ್ತಿಯನ್ನು ಅದರ ಎರಡು ಪಟ್ಟು ದೊಡ್ಡ ಎಂಜಿನ್ ಯಾವ ಅವಸರವೂ ಇಲ್ಲದೆ ಕೊಡಬಲ್ಲದು.

ಹಾಗಾದರೆ ದೊಡ್ಡ ಎಂಜಿನ್ನುಗಳೂ ಅಷ್ಟೇ ವೇಗವಾಗಿ ಏಕೆ ಸುತ್ತುವುದಿಲ್ಲ? ಇದಕ್ಕೆ ಉತ್ತರ ಸಿಲಿಂಡರಿನ ಅಗಲ ಮತ್ತು ಪಿಸ್ಟನ್ ಚಲಿಸುವ ದೂರದಲ್ಲಿದೆ. ಮೊದಲನೆಯದನ್ನು ಬೋರ್ ಎಂದೂ ಎರಡನೆಯದನ್ನು ಸ್ಟ್ರೋಕ್ ಎಂದೂ ಕರೆಯುತ್ತಾರೆ. ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಸಲ ನಿಂತು ದಿಕ್ಕು ಬದಲಿಸುತ್ತದೆ, ಮತ್ತು ಹೀಗೆ ನಿಲ್ಲಿಸಿ ಎಳೆಯುವಾಗ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಹಾಗೂ ಬೇರಿಂಗುಗಳ ಮೇಲೆ ಬೀಳುವ ಬಲ ಸುತ್ತಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುತ್ತು ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಆಲ್ಫಾದ 1290 ಸಿಸಿ ಎಂಜಿನ್ನಿನ ಬೋರ್ 74 ಮಿಲಿಮೀಟರ್, ಸ್ಟ್ರೋಕ್ 75. ಅದೇ ವಂಶದ 1962 ಸಿಸಿ ಎಂಜಿನ್ನಿನಲ್ಲಿ ಅವು 84 ಮತ್ತು 88.5. ಎರಡನ್ನೂ ನಿಮಿಷಕ್ಕೆ 6000 ಸುತ್ತಿನಲ್ಲಿ ಓಡಿಸಿದರೆ ಚಿಕ್ಕದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್, ದೊಡ್ಡದರದು 17.7 ಮೀಟರ್, ಮತ್ತು ದೊಡ್ಡದರ ಪಿಸ್ಟನ್ನುಗಳು ಹೆಚ್ಚು ಭಾರವೂ ಹೌದು. 1300 ಎಂಜಿನ್ ಕೆಂಪು ಗೆರೆಯತ್ತ, ಅಂದರೆ ಸುತ್ತಿನ ಗರಿಷ್ಠ ಮಿತಿಯತ್ತ, ಹಗುರವಾಗಿ ಏರಿದಂತೆ ಅನ್ನಿಸುವುದಕ್ಕೆ ಇದೇ ಕಾರಣ. ಅದು ಆಲ್ಫಾ ಪ್ರಿಯರ ಭಾವುಕತೆಯಷ್ಟೇ ಅಲ್ಲ. ಇನ್ನು ಶಕ್ತಿಯ ಮಾತಿಗೆ ಬಂದರೆ, 1300 ಕೂಪೆ ಸುಮಾರು 89 ಅಶ್ವಶಕ್ತಿಯನ್ನೂ 2000 ಕೂಪೆ ಸುಮಾರು 131ನ್ನೂ ಕೊಡುತ್ತಿದ್ದವು. ಲೀಟರಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಂದರೆ ದೊಡ್ಡದನ್ನು ಹೆಚ್ಚು ಜಾಣತನದಿಂದೇನೂ ಮಾಡಿರಲಿಲ್ಲ, ಗಾತ್ರವನ್ನಷ್ಟೇ ಹೆಚ್ಚಿಸಿದ್ದರು, ಮತ್ತು ಆ ಹೆಚ್ಚಳದ ಫಲ ಮುಖ್ಯವಾಗಿ ಸಿಗುವುದು ಕಡಿಮೆ ಹಾಗೂ ನಡುಮಟ್ಟದ ಸುತ್ತಿನ ಎಳೆತದಲ್ಲಿ.

ಎಂಜಿನ್ನಿನ ಗಾತ್ರವನ್ನು ಎಲ್ಲ ಕಾಲದಲ್ಲೂ ಎಂಜಿನಿಯರುಗಳೇ ನಿರ್ಧರಿಸಲಿಲ್ಲ. ತೆರಿಗೆ ಇಲಾಖೆಗಳೂ ನಿರ್ಧರಿಸಿದವು. ಬ್ರಿಟನ್ನಿನಲ್ಲಿ 1940ರ ದಶಕದ ಕೊನೆಯವರೆಗೂ ಕಾರಿನ ತೆರಿಗೆಗೆ ಒಂದು ವಿಚಿತ್ರ ಸೂತ್ರವಿತ್ತು: ಬೋರನ್ನು ಅಂಗುಲದಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಬಂದದ್ದೇ ತೆರಿಗೆಯ ಅಶ್ವಶಕ್ತಿ. ಸ್ಟ್ರೋಕಿಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಹೀಗಾಗಿ ತಯಾರಕರು ಬೋರನ್ನು ಕಿರಿದಾಗಿಟ್ಟು ಸ್ಟ್ರೋಕನ್ನು ಉದ್ದ ಮಾಡಿದರು. ಎಂಜಿ ಕಂಪನಿಯ ಟಿಸಿ ಕಾರಿನ 1250 ಸಿಸಿ ಎಂಜಿನ್ನಿನ ಬೋರ್ 66.5 ಮಿಲಿಮೀಟರ್, ಸ್ಟ್ರೋಕ್ 90. ನಿಜದಲ್ಲಿ 54ರಷ್ಟು ಅಶ್ವಶಕ್ತಿ ಇದ್ದ ಈ ಎಂಜಿನ್ ತೆರಿಗೆಯ ಪುಸ್ತಕದಲ್ಲಿ 11ನ್ನೂ ಮುಟ್ಟಲಿಲ್ಲ. ಆ ಸಂಪ್ರದಾಯದ ನೆರಳು 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಎಂಜಿನ್ನಿನ ಮೇಲೂ ಬಿದ್ದಿತ್ತು. ಅದರ 106 ಮಿಲಿಮೀಟರ್ ಸ್ಟ್ರೋಕ್ ಇ-ಟೈಪ್ 4.2ರಲ್ಲೂ ಹಾಗೆಯೇ ಮುಂದುವರಿಯಿತು, 5500 ಸುತ್ತಿನಲ್ಲೇ ಪಿಸ್ಟನ್ ಸೆಕೆಂಡಿಗೆ 19 ಮೀಟರಿಗಿಂತ ವೇಗವಾಗಿ ಓಡುತ್ತಿತ್ತು.

ಇಟಲಿಯಲ್ಲಿ 2000 ಸಿಸಿ ದಾಟಿದ ಕಾರುಗಳ ಮೇಲೆ ಭಾರಿ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಫೆರಾರಿ 1975ರಲ್ಲಿ 208 ಜಿಟಿ4 ಎಂಬ ಕಾರನ್ನು ತಂದಿತು. ತನ್ನದೇ 308 ಕಾರಿನ 2926 ಸಿಸಿ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರುಗಳ) ಎಂಜಿನ್ನಿನ ಸ್ಟ್ರೋಕನ್ನು 71 ಮಿಲಿಮೀಟರಿನಲ್ಲೇ ಉಳಿಸಿ, ಬೋರನ್ನು 81ರಿಂದ 66.8ಕ್ಕೆ ಇಳಿಸಿ, 1991 ಸಿಸಿಗೆ ತಂದು ನಿಲ್ಲಿಸಿದರು. ಸಿಲಿಂಡರುಗಳು ಎಂಟೇ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳು ನಾಲ್ಕೇ, ಕಾರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಶಕ್ತಿಯಲ್ಲಿ ಮಾತ್ರ ಮೂರನೆಯ ಒಂದು ಪಾಲು ಹೋಯಿತು. ಲ್ಯಾಂಬೊರ್ಗಿನಿ ಉರಾಕೊ ಪಿ200ರ ಕಥೆಯೂ ಇದೇ. ಜಪಾನಿನಲ್ಲೂ ಎರಡು ಲೀಟರಿನ ಮೇಲಿನ ಕಾರಿಗೆ ತೆರಿಗೆ ಹೆಚ್ಚಿದ್ದುದರಿಂದ, ಅಮೆರಿಕದಲ್ಲಿ 2393 ಸಿಸಿಯ ಡಾಟ್ಸನ್ 240ಝಡ್ ಎಂದು ಮಾರಾಟವಾದ ಕಾರು ಅಲ್ಲಿ ಮೊದಲು ಸಿಕ್ಕಿದ್ದು 1998 ಸಿಸಿಯ ಫೇರ್‌ಲೇಡಿ ಝಡ್ ಆಗಿ. ಚಿಕ್ಕ ಎಂಜಿನ್ನಿನ ಪರವಾಗಿ ಎಷ್ಟೇ ವಾದಿಸಿದರೂ ಇಂಥ ತೆರಿಗೆಯ ಕೂಸುಗಳಿಗೆ ಆ ವಾದ ಒಪ್ಪುವುದಿಲ್ಲ. ಚಿಕ್ಕದರಿಂದ ದೊರೆಯುವ ದೊಡ್ಡ ಲಾಭ ಹಗುರತನ. ಗಾತ್ರ ಇಳಿದರೂ ತೂಕ ಇಳಿಯದಿದ್ದರೆ ಆ ಲಾಭವೇ ಇಲ್ಲ.

ತೂಕದ ವಿಷಯವನ್ನು ಎಂಜಿ ಕಂಪನಿಯದೇ ಎಂಜಿಬಿ ಕಾರಿನ ಮೂರು ರೂಪಗಳಷ್ಟು ಸ್ಪಷ್ಟವಾಗಿ ಇನ್ನಾವ ಕಾರೂ ತೋರಿಸಿಕೊಡುವುದಿಲ್ಲ. 1962ರಲ್ಲಿ ಬಂದ ಎಂಜಿಬಿಯಲ್ಲಿ 1798 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನಿತ್ತು. 1967ರಲ್ಲಿ ಅದೇ ಮೈಕಟ್ಟಿನೊಳಗೆ 2912 ಸಿಸಿಯ ಆರು ಸಿಲಿಂಡರಿನ ಎಂಜಿನ್ ತುರುಕಿ ಎಂಜಿಸಿ ಎಂದು ಹೆಸರಿಟ್ಟರು. ಈ ಎಂಜಿನ್ ಎರಕದ ಕಬ್ಬಿಣದ್ದು, ಉದ್ದ, ಎತ್ತರ, ಮತ್ತು ನಾಲ್ಕು ಸಿಲಿಂಡರಿನದಕ್ಕಿಂತ ಸುಮಾರು 95 ಕಿಲೋ ಹೆಚ್ಚು ಭಾರ. ಎಂಜಿಬಿಯ ಮುಂದಿನ ಸಸ್ಪೆನ್ಷನ್ನನ್ನು ಹೊರುವ ಅಡ್ಡಪಟ್ಟಿಯ ಮೇಲೆ ಅದು ಕೂರಲೇ ಇಲ್ಲ. ಹಾಗಾಗಿ ಆ ಅಡ್ಡಪಟ್ಟಿಯನ್ನು ತೆಗೆದು, ಸುರುಳಿ ಸ್ಪ್ರಿಂಗುಗಳ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ವರ್ತಿಸುವ ಸರಳು) ಇರುವ ಹೊಸ ಸಸ್ಪೆನ್ಷನ್ ಮಾಡಬೇಕಾಯಿತು; ಬಾನೆಟ್ಟಿನ ಮೇಲೆ ಉಬ್ಬು ಬಂದಿತು; ಚಕ್ರಗಳು 15 ಅಂಗುಲದವಾದವು; ಸ್ಟಿಯರಿಂಗ್ ತೀರ ಬಿಗಿಯಾಗದಿರಲೆಂದು ಅದನ್ನು ಹೆಚ್ಚು ಸುತ್ತು ತಿರುಗಿಸಬೇಕಾದಂತೆ ಬದಲಿಸಿದರು. ಇಷ್ಟೆಲ್ಲ ಮಾಡಿದರೂ ಮೂಗಿನ ಭಾರ ಹೋಗಲಿಲ್ಲ. ತಿರುವಿನಲ್ಲಿ ಕಾರು ಹೊರಕ್ಕೆ ಜಾರುತ್ತದೆ, ಸ್ಟಿಯರಿಂಗಿಗೆ ತಡವಾಗಿ ಸ್ಪಂದಿಸುತ್ತದೆ ಎಂಬ ಟೀಕೆ ಅಂದಿನ ಪತ್ರಿಕೆಗಳಲ್ಲಿ ಬಂದಿತು, ಎರಡೇ ವರ್ಷಗಳಲ್ಲಿ ಕಾರು ನಿಂತೂ ಹೋಯಿತು.

ಭಾರ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಉದ್ದನೆಯ ಕೋಲಿನ ತುದಿಗೆ ಕಲ್ಲು ಕಟ್ಟಿ ಬೀಸುವುದಕ್ಕೂ ಅದೇ ಕಲ್ಲನ್ನು ಮುಷ್ಟಿಯ ಹತ್ತಿರ ಕಟ್ಟಿ ಬೀಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಕಾರಿನ ನಡುವಿನಿಂದ ದೂರವಿರುವ ಭಾರ ದಿಕ್ಕು ಬದಲಿಸಲು ಹೆಚ್ಚು ಪ್ರತಿರೋಧ ಒಡ್ಡುತ್ತದೆ, ಬದಲಿಸಿದ ಮೇಲೆ ನಿಲ್ಲಿಸಲೂ ಕಷ್ಟ ಕೊಡುತ್ತದೆ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದಾಗ ಮೊದಲ ಸಿಲಿಂಡರ್ ಮುಂದಿನ ಚಕ್ರಗಳಿಗಿಂತಲೂ ಮುಂದಕ್ಕೆ ಚಾಚಿಕೊಳ್ಳಬಹುದು; ವಿ ಆಕಾರದ ಎಂಟು ಸಿಲಿಂಡರಿನ ಎಂಜಿನ್ ಅದಕ್ಕಿಂತ ಗಿಡ್ಡವಾಗಿ ಹಿಂದಕ್ಕೆ ಸರಿದು ಕೂರುತ್ತದೆ.

ಎಂಜಿಬಿಯ ಮೂರನೆಯ ರೂಪ ಇದಕ್ಕೇ ಸಾಕ್ಷಿ. 1973ರ ಎಂಜಿಬಿ ಜಿಟಿ ವಿ8ರಲ್ಲಿದ್ದುದು 3528 ಸಿಸಿಯ ರೋವರ್ ಎಂಜಿನ್. ಮೂಲತಃ ಅಮೆರಿಕದ ಬ್ಯೂಕ್ ಕಂಪನಿ ವಿನ್ಯಾಸ ಮಾಡಿದ್ದ ಈ ಎಂಜಿನ್ನಿನ ಬ್ಲಾಕ್ (ಸಿಲಿಂಡರುಗಳಿರುವ ಮೈ), ಹೆಡ್ (ಅದರ ಮೇಲಿನ ಮುಚ್ಚಳ) ಎರಡೂ ಅಲ್ಯುಮಿನಿಯಂ. ಗಾತ್ರದಲ್ಲಿ 1798 ಸಿಸಿಯ ಸರಿಸುಮಾರು ಎರಡು ಪಟ್ಟಿದ್ದರೂ, ತೂಕ ನಾಲ್ಕು ಸಿಲಿಂಡರಿನದಕ್ಕಿಂತ ಹೆಚ್ಚೇನೂ ಇರಲಿಲ್ಲ. ಎಂಜಿಸಿಗೆ ಬೇಕಾದ ಹೊಸ ಸಸ್ಪೆನ್ಷನ್ ಇದಕ್ಕೆ ಬೇಕಾಗಲಿಲ್ಲ, ಬಾನೆಟ್ಟಿನ ಉಬ್ಬೂ ಬೇಕಾಗಲಿಲ್ಲ. ಕಾಗದದ ಮೇಲೆ ಎಂಜಿಸಿಗೆ 145 ಅಶ್ವಶಕ್ತಿ, ವಿ8ಕ್ಕೆ 137. ಆದರೆ ವಿ8ರ ಟಾರ್ಕ್ ಹೆಚ್ಚು, ಅದು ಸಿಗುವುದೂ ಇನ್ನಷ್ಟು ಕಡಿಮೆ ಸುತ್ತಿನಲ್ಲಿ. ಈ ಮೂರರಲ್ಲಿ ಎಂಜಿನ್ನಿನ ಗಾತ್ರ ಅತ್ಯಂತ ದೊಡ್ಡದಾದ ಕಾರಿಗೇ ಎಂಜಿಸಿಗಿಂತ ಕಡಿಮೆ ಮಾರ್ಪಾಡು ಸಾಕಾಯಿತೆಂದರೆ, ಸಿಸಿಯೊಂದನ್ನೇ ನೋಡಿ ಕಾರನ್ನು ಅಳೆಯುವುದು ಎಷ್ಟು ದಾರಿತಪ್ಪಿಸುತ್ತದೆ ಎಂಬುದು ಗೊತ್ತಾಗುತ್ತದೆ. ಎಂಜಿಸಿಗೆ ನ್ಯಾಯ ಸಲ್ಲಿಸುವುದಾದರೆ ಒಂದು ಮಾತು: ತಿರುವುಗಳಿಲ್ಲದ ಹೆದ್ದಾರಿಯಲ್ಲಿ ದಿನವಿಡೀ ನೆಮ್ಮದಿಯಾಗಿ ಓಡುವ ಕಾರು ಬೇಕಾದವರಿಗೆ ಅದರ ಆರು ಸಿಲಿಂಡರಿನ ನುಣುಪು ಇಂದಿಗೂ ಬಹಳ ಹಿತ.

ಬದಲಿಸಬೇಕಾದದ್ದನ್ನು ಬದಲಿಸದೆ ದೊಡ್ಡ ಎಂಜಿನ್ ತುರುಕಿದರೆ ಏನಾಗುತ್ತದೆ ಎಂಬುದಕ್ಕೆ ಸನ್‌ಬೀಮ್ ಟೈಗರ್ ಉದಾಹರಣೆ. 1592 ಸಿಸಿಯ ಎಂಜಿನ್ನಿದ್ದ ಸನ್‌ಬೀಮ್ ಆಲ್ಪೈನ್ ಕಾರಿನ ಮೈಯೊಳಗೆ 1964ರಲ್ಲಿ ಫೋರ್ಡ್‌ನ 4.3 ಲೀಟರಿನ ವಿ8 ಹಾಕಿದರು. ಜಾಗ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಬಣ್ಣ ಬಳಿದು ಮುಗಿದ ಮೈಯಲ್ಲಿ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಒಳತಡಿಕೆಯನ್ನು ಸುತ್ತಿಗೆಯಿಂದ ಬಡಿದು ತಗ್ಗಿಸಿ ಎಂಜಿನ್ನನ್ನು ಒಳಗೆ ಸರಿಸುತ್ತಿದ್ದರು. ಒಂದು ಸ್ಪಾರ್ಕ್ ಪ್ಲಗ್ಗಂತೂ ಎಂಜಿನ್ ಕಡೆಯಿಂದ ಕೈಗೆ ಎಟುಕುವುದೇ ಇಲ್ಲ. ಅದನ್ನು ಬಿಚ್ಚಲು ತಡಿಕೆಯಲ್ಲಿ ಒಂದು ತೂತು ಕೊರೆದು ರಬ್ಬರ್ ಬಿರಡೆ ಹಾಕಿದ್ದಾರೆ, ಮೆಕ್ಯಾನಿಕ್ ಕಾರಿನೊಳಗೆ ಕುಳಿತು ಆ ಬಿರಡೆ ಕಿತ್ತು ಪಾನಾ ತೂರಿಸಬೇಕು. ನೇರ ರಸ್ತೆಯಲ್ಲಿ ಟೈಗರ್ ನಿಜಕ್ಕೂ ಸೊಗಸು, ಆದರೆ ಇಕ್ಕಟ್ಟಾದ ಜಾಗದಲ್ಲಿ ಅಷ್ಟೊಂದು ಬಿಸಿ ಹುಟ್ಟಿಸುವ ಎಂಜಿನ್ನನ್ನು ತಂಪಾಗಿಡುವುದು ಅದರ ಮಾಲೀಕರಿಗೆ ಇಂದಿಗೂ ದೊಡ್ಡ ಚಿಂತೆ. ಇದಕ್ಕೆ ವಿರುದ್ಧವಾಗಿ, ಎಸಿ ಕೋಬ್ರಾಗೆ 7 ಲೀಟರಿನ ಎಂಜಿನ್ ಹಾಕಲು ತೀರ್ಮಾನಿಸಿದಾಗ ಚಾಸಿಸ್ಸಿನ ಮುಖ್ಯ ಕೊಳವೆಗಳನ್ನು 3 ಅಂಗುಲದಿಂದ 4 ಅಂಗುಲಕ್ಕೆ ದಪ್ಪ ಮಾಡಿ, ಹಳೆಯ ಪಟ್ಟಿ ಸ್ಪ್ರಿಂಗುಗಳನ್ನು ತೆಗೆದು ಸುರುಳಿ ಸ್ಪ್ರಿಂಗುಗಳ ಹೊಸ ಸಸ್ಪೆನ್ಷನ್ ಮಾಡಿದರು. ಅದು ಹೆಸರಿಗೆ ಹಳೆಯ ಕಾರು, ಒಳಗೆ ಬಹುಪಾಲು ಹೊಸದು.

ಅಶ್ವಶಕ್ತಿಯ ಅಂಕಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಇ-ಟೈಪ್ 3.8 ಮತ್ತು 4.2 ಎರಡಕ್ಕೂ ಕಂಪನಿ ಹೇಳಿಕೊಂಡದ್ದು ಒಂದೇ ಅಂಕಿ, 265. ಬೋರ್ ಹಿಗ್ಗಿಸಿದ್ದರಿಂದ ಹೆಚ್ಚಿದ್ದು ಟಾರ್ಕ್ ಮಾತ್ರ. ಆದರೂ 1964ರಲ್ಲಿ ಬಂದ 4.2 ದಿನಬಳಕೆಗೆ ಎಷ್ಟೋ ಉತ್ತಮ ಎನಿಸಿಕೊಂಡದ್ದು ಅದರ ಜೊತೆಗೆ ಬಂದ ಹೊಸ ಗೇರ್‌ಬಾಕ್ಸಿನಿಂದ. ಹಳೆಯ ಗೇರ್‌ಬಾಕ್ಸಿನ ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸಿ ಸರಾಗವಾಗಿ ಕೂಡಿಸುವ ವ್ಯವಸ್ಥೆ) ಇರಲಿಲ್ಲ, ಗೇರ್ ಬದಲಿಸುವುದೂ ನಿಧಾನವಾಗಿತ್ತು. ಮುಂದೆ 1971ರ ವಿ12ಕ್ಕೆ 272 ಎಂದು ಹೇಳಿದಾಗ, 5.3 ಲೀಟರಿನಿಂದ ಬರೀ 7 ಅಶ್ವಶಕ್ತಿ ಹೆಚ್ಚಾಯಿತೇ ಎಂದು ಅಚ್ಚರಿಪಡಬೇಕಿಲ್ಲ, ಏಕೆಂದರೆ ಅಳೆಯುವ ಕ್ರಮವೇ ಬದಲಾಗಿತ್ತು. ಹಿಂದೆ ಫ್ಯಾನು, ಸೈಲೆನ್ಸರುಗಳಂಥ ಭಾಗಗಳನ್ನು ಕಳಚಿ, ಎಂಜಿನ್ನನ್ನು ಬರಿದಾಗಿ ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. ನಂತರ ಕಾರಿನಲ್ಲಿರುವಂತೆಯೇ ಅವೆಲ್ಲವನ್ನೂ ಜೋಡಿಸಿ ಅಳೆಯತೊಡಗಿದರು. ಅಮೆರಿಕ 1972ರ ಮಾದರಿಗಳಿಂದ ಈ ಕ್ರಮಕ್ಕೆ ಬಂದಾಗ ಕೊರ್ವೆಟ್‌ನ ಎಲ್‌ಟಿ-1 ಎಂಜಿನ್ 330ರಿಂದ 255ಕ್ಕೆ ಇಳಿಯಿತು, ಎಂಜಿನ್ ಮಾತ್ರ ಹೆಚ್ಚುಕಡಿಮೆ ಅದೇ.

ಮರ್ಸಿಡಿಸ್ ಎಸ್‌ಎಲ್‌ನಲ್ಲೂ 230 ಮತ್ತು 250 ಎರಡಕ್ಕೂ 150 ಅಶ್ವಶಕ್ತಿಯೇ. ಆದರೆ 230ರ ಕ್ರಾಂಕ್‌ಶಾಫ್ಟಿಗೆ ನಾಲ್ಕು ಮುಖ್ಯ ಬೇರಿಂಗು, 250ಕ್ಕೆ ಏಳು. ಟಾರ್ಕ್ ನೂರಕ್ಕೆ ಹತ್ತರಷ್ಟು ಹೆಚ್ಚು. ಇವುಗಳ ನಡುವೆ ಆಯ್ದುಕೊಳ್ಳುವವರು ಶಕ್ತಿಯನ್ನಲ್ಲ, ಸ್ವಭಾವವನ್ನು ಆಯ್ದುಕೊಳ್ಳುತ್ತಾರೆ.

ಒಂದೇ ಎಂಜಿನ್ನನ್ನು ಎಷ್ಟರ ಮಟ್ಟಿಗೆ ಹಿಗ್ಗಿಸಬಹುದು ಎಂಬುದಕ್ಕೂ ಮಿತಿಯಿದೆ, ಅದನ್ನು ಪೋರ್ಷೆ 911ರಲ್ಲಿ ಕಾಣಬಹುದು. 1964ರಲ್ಲಿ 1991 ಸಿಸಿ ಇದ್ದ ಎಂಜಿನ್ 2.2, 2.4 ಆಗಿ, 1973ರ ಕರೇರಾ ಆರ್‌ಎಸ್‌ನಲ್ಲಿ 2.7 ಲೀಟರ್ ಆಯಿತು. ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ ತೂಗುವ ಈ ಕಾರಿನಲ್ಲಿ ಶಕ್ತಿ ಹೆಚ್ಚಿದಂತೆ ನಿಯಂತ್ರಣದ ಕಷ್ಟವೂ ಹೆಚ್ಚಬೇಕಿತ್ತು, ಆದರೆ ಕಂಪನಿ ನಡುವೆ ಸುಮ್ಮನೆ ಕೂರಲಿಲ್ಲ: 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿತು, ಆರ್‌ಎಸ್‌ಗೆ ಹಿಂದೆ ಇನ್ನೂ ಅಗಲದ ಚಕ್ರ ಕೊಟ್ಟಿತು. ಆ ಹೊತ್ತಿಗೆ ಎಂಜಿನ್ನಿನ ಮೆಗ್ನೀಸಿಯಂ ಕವಚ ಮಾತ್ರ ತನ್ನ ತಾಳಿಕೆಯ ಅಂಚಿಗೆ ಬಂದಿತ್ತು. 1970ರ ದಶಕದ ನಡುವಿನ 2.7 ಕಾರುಗಳಲ್ಲಿ ಹೆಡ್ ಹಿಡಿದಿಡುವ ಸ್ಟಡ್ಡುಗಳು ಕಿತ್ತು ಬರುವುದು ಎಲ್ಲರಿಗೂ ತಿಳಿದ ದೋಷ. ಇದೇ ಮೈಕಟ್ಟಿನಲ್ಲಿ 1582 ಸಿಸಿಯ ನಾಲ್ಕು ಸಿಲಿಂಡರಿನೊಂದಿಗೆ ಬಂದ 912ಕ್ಕೆ ಬರೀ 90 ಅಶ್ವಶಕ್ತಿಯಾದರೂ ಬಾಲದ ಭಾರ ಕಡಿಮೆ, ತಿರುವಿನಲ್ಲಿ ಹೆಚ್ಚು ಸಮತೋಲ. ವೇಗದ ಆಸೆ ಇಲ್ಲದವರಿಗೆ ಮೊದಮೊದಲ 911ಕ್ಕಿಂತ 912 ಒಳ್ಳೆಯ ಒಡನಾಡಿ ಎಂಬುದು ನನ್ನ ಅಭಿಪ್ರಾಯ.

ಫೆರಾರಿಯ ಡಿನೊ ಕಾರಿನಲ್ಲಿ ಆದದ್ದು ಇನ್ನೊಂದು ಬಗೆ. 206 ಜಿಟಿಯ 1987 ಸಿಸಿ ಎಂಜಿನ್ನಿನ ಬ್ಲಾಕ್ ಅಲ್ಯುಮಿನಿಯಂ, ಕಾರಿನ ಮೈಯೂ ಅಲ್ಯುಮಿನಿಯಂ. ಅದು 2419 ಸಿಸಿಯ 246 ಆದಾಗ ಬ್ಲಾಕ್ ಎರಕದ ಕಬ್ಬಿಣಕ್ಕೆ, ಮೈ ಉಕ್ಕಿಗೆ ತಿರುಗಿತು, ಚಕ್ರಗಳ ನಡುವಿನ ಅಂತರವೂ ಹೆಚ್ಚಿತು. ಹೆಚ್ಚಿನ ಶಕ್ತಿಯ ಒಂದು ಪಾಲು ಹೆಚ್ಚಿನ ತೂಕವನ್ನು ಹೊರುವುದಕ್ಕೇ ಹೋಯಿತು. ಹಾಗೆಂದು 246 ಕೆಟ್ಟ ಕಾರೇನಲ್ಲ; ಕಡಿಮೆ ಸುತ್ತಿನಲ್ಲೂ ಎಳೆಯುವ ಅದು ಊರೊಳಗೆ ಓಡಿಸಲು ಹೆಚ್ಚು ಸುಲಭ.

ಚಿಕ್ಕ ಎಂಜಿನ್ ಕೊಳ್ಳುವವರು ಒಪ್ಪಿಕೊಳ್ಳಬೇಕಾದ ಸಂಗತಿಗಳೂ ಇವೆ. ಟಾರ್ಕ್ ಕಡಿಮೆಯಿರುವ ಕಾರಿಗೆ ಗೇರಿನ ಅನುಪಾತವನ್ನು ತಗ್ಗಿಸಿಯೇ ಇಟ್ಟಿರುತ್ತಾರೆ. 948 ಸಿಸಿಯ ಆಸ್ಟಿನ್-ಹೀಲಿ ಸ್ಪ್ರೈಟ್ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರದ ಆಸುಪಾಸಿನಲ್ಲಿ ಸುತ್ತುತ್ತಿರುತ್ತದೆ, ಮತ್ತು ನಾಲ್ಕನೆಯ ಗೇರಿನ ಮೇಲೆ ಅದಕ್ಕೆ ಬೇರೆ ಆಸರೆ ಇಲ್ಲ. ಅರ್ಧ ಗಂಟೆ ಅದು ಉಲ್ಲಾಸ. ನಾಲ್ಕು ಗಂಟೆ ಆದರೆ ಬರೀ ಸದ್ದು. ಏರು ರಸ್ತೆಯಲ್ಲಿ ಲಾರಿಯೊಂದನ್ನು ದಾಟಲು ಮೊದಲೇ ಲೆಕ್ಕ ಹಾಕಬೇಕು. ಇನ್ನೊಂದು ಕಡೆ, ಅಂಕುಡೊಂಕಿನ ರಸ್ತೆಯಲ್ಲಿ ಎಂಜಿನ್ನಿನ ಪೂರ್ಣ ಶಕ್ತಿಯನ್ನು ಎರಡು ಮೂರು ಗೇರುಗಳಲ್ಲಿ ಬಳಸಿ ಮುಗಿಸುವ ತೃಪ್ತಿಯನ್ನು ಇಂಥ ಕಾರೇ ಕೊಡುತ್ತದೆ. 7 ಲೀಟರಿನ ಕಾರಿನಲ್ಲಿ ಸಾಮಾನ್ಯ ರಸ್ತೆಯ ಮೇಲೆ ಅದಕ್ಕೆ ಅವಕಾಶವೇ ಸಿಗದು. 1558 ಸಿಸಿಯ ಲೋಟಸ್ ಎಲಾನ್ ಈ ಎರಡರ ನಡುವೆ ಸಾಧಿಸಿದ ಹದವನ್ನು ನಾನು ಬಹಳ ಮೆಚ್ಚುತ್ತೇನೆ: ಏಳುನೂರು ಕಿಲೋ ಕೂಡ ಇಲ್ಲದ ಕಾರಿಗೆ 105 ಅಶ್ವಶಕ್ತಿ ಕಡಿಮೆಯೇನಲ್ಲ.

ಚಿಕ್ಕದೆಂದರೆ ಖರ್ಚೂ ಚಿಕ್ಕದು ಎಂದು ಭಾವಿಸಬಾರದು. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವಾಗ ಪಿಸ್ಟನ್, ವಾಲ್ವ್, ಬೇರಿಂಗುಗಳ ಲೆಕ್ಕ ಸಿಲಿಂಡರುಗಳ ಸಂಖ್ಯೆಯ ಮೇಲೆ ಹೋಗುತ್ತದೆ, ಆ ಮಟ್ಟಿಗೆ ನಾಲ್ಕು ಸಿಲಿಂಡರಿಗಿಂತ ಹನ್ನೆರಡು ಸಿಲಿಂಡರ್ ದುಬಾರಿ ಎಂಬುದು ನಿಜ. ಆದರೆ ಎಲಾನ್‌ನ ಪುಟ್ಟ ಎಂಜಿನ್ನಿನಲ್ಲಿ ವಾಟರ್ ಪಂಪ್ ಸೋರತೊಡಗಿದರೆ ಎಂಜಿನ್ನಿನ ಮುಂಭಾಗದ ಮುಚ್ಚಳವನ್ನೇ ಕಳಚಬೇಕಾಗುತ್ತದೆ, ಏಕೆಂದರೆ ಪಂಪನ್ನು ಅದರೊಳಗೇ ಕೂರಿಸಿದ್ದಾರೆ. ರೋವರ್ ವಿ8ರಂಥ ದೊಡ್ಡ ಎಂಜಿನ್ನಿನ ಬಿಡಿಭಾಗಗಳಾದರೋ, ಅದು ಹಲವು ಕಾರುಗಳಲ್ಲಿ ದಶಕಗಳ ಕಾಲ ಬಳಕೆಯಾದದ್ದರಿಂದ ಸುಲಭವಾಗಿ ಸಿಗುತ್ತವೆ. ಕೊಳ್ಳುವ ಮುನ್ನ ಕೇಳಬೇಕಾದದ್ದು ಎಂಜಿನ್ ಎಷ್ಟು ದೊಡ್ಡದು ಎಂದಲ್ಲ, ಅದರ ಮೇಲೆ ಕೆಲಸ ಮಾಡಲು ಕೈಗೆ ಜಾಗ ಎಷ್ಟಿದೆ ಎಂದು. ಇ-ಟೈಪ್‌ನಲ್ಲಿ ಕ್ಲಚ್ ಬದಲಿಸಲು ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಹೊರತೆಗೆಯಬೇಕು, ಅದು 3.8 ಆದರೂ ಅಷ್ಟೇ, 4.2 ಆದರೂ ಅಷ್ಟೇ.

ಚಿಕ್ಕ ಎಂಜಿನ್ನಿನ ಕಾರನ್ನು ಕೊಂಡು ಆಮೇಲೆ ದೊಡ್ಡದನ್ನು ಹಾಕಿಸಿಕೊಳ್ಳುವವರೂ ಇದ್ದಾರೆ. ಎಂಜಿಬಿಗೆ ರೋವರ್ ವಿ8, 912ಕ್ಕೆ ಆರು ಸಿಲಿಂಡರಿನ ಎಂಜಿನ್ ಹಾಕಿದ ಕಾರುಗಳು ಸಾಕಷ್ಟು ಮಾರಾಟಕ್ಕೆ ಬರುತ್ತವೆ. ಇಂಥ ಕಾರನ್ನು ನೋಡುವಾಗ ಎಂಜಿನ್ನಿಗಿಂತ ಮೊದಲು ಅದರ ಸುತ್ತಲಿನದನ್ನು ನೋಡಬೇಕು. ರೇಡಿಯೇಟರ್, ಬ್ರೇಕು, ಕ್ಲಚ್, ಡಿಫರೆನ್ಷಿಯಲ್, ಹಿಂದಿನ ಆಕ್ಸಲ್ ಹೊಸ ಟಾರ್ಕಿಗೆ ತಕ್ಕಂತೆ ಬದಲಾಗಿವೆಯೇ, ಮುಂದಿನ ಸ್ಪ್ರಿಂಗುಗಳು ಹಳೆಯವೇ ಇದ್ದು ಮೂಗು ತಗ್ಗಿದೆಯೇ, ಎಂಜಿನ್ ನಂಬರು ದಾಖಲೆಗಳಲ್ಲಿ ತಿದ್ದುಪಡಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಓಡಿಸಿ ನೋಡುವಾಗ ಖಾಲಿ ಹೆದ್ದಾರಿಗೆ ಒಯ್ಯುವುದಕ್ಕಿಂತ ನಿಧಾನವಾಗಿ ಸಾಗುವ ವಾಹನಗಳ ನಡುವೆ ಇಪ್ಪತ್ತು ನಿಮಿಷ ಒಯ್ದು ನೀರಿನ ಬಿಸಿಯ ಮುಳ್ಳನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಆ ಬಳಿಕ ಕಿರಿದಾದ ತಿರುವೊಂದರಲ್ಲಿ ಎರಡನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಮೂಗು ಒಳಕ್ಕೆ ಬರುತ್ತದೆಯೇ ಎಂದು ನೋಡಬೇಕು. ಸಾಧ್ಯವಾದರೆ ಅದೇ ದಿನ, ಅದೇ ರಸ್ತೆಯಲ್ಲಿ, ಮೂಲ ಎಂಜಿನ್ನೇ ಇರುವ ಅದೇ ಮಾದರಿಯ ಇನ್ನೊಂದು ಕಾರನ್ನೂ ಓಡಿಸಿ, ನಂತರವೇ ಬೆಲೆಯ ಮಾತು ಎತ್ತಬೇಕು.